ಮೇಷ್ಟ್ರ ಸುಸ್ತು ಅಳೆದ ಕಥೆ

ಮೇಷ್ಟ್ರಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಬಲಗೈ ಸ್ವಲ್ಪ ಬಿಗಿ. ನಡಿಗೆ ಚೆನ್ನಾಗಿಯೇ ಇತ್ತು. "ಕೈಕಾಲು ಆಡ್ತವೆ, ಆದ್ರೂ ಮಲಗೇ ಇರ್ತಾರೆ. ಸೋಮಾರಿತನ ಅಲ್ದೆ ಇನ್ನೇನಮ್ಮಾ?" ಅಂತ ಅವರ ಹೆಂಡತಿ ನನಗೆ ದೂರು ಹೇಳಿದರು.

ನಾನು ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಬಲ ಮರಳಿದರೂ ಸುಸ್ತು ಉಳಿಯುತ್ತದೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸುಸ್ತು ಎಷ್ಟಿದೆ ಅಂತ ಅಳೆಯುವ ಫಟೀಗ್ ಸಿವಿಯಾರಿಟಿ ಸ್ಕೇಲ್ ಎಂಬ ಫಾರಂ ತೆಗೆದುಕೊಂಡು ಹೋದೆ. ಕಳೆದ ವಾರದ ಬಗ್ಗೆ ಒಂಬತ್ತು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಸರಾಸರಿ 4 ಅಥವಾ ಹೆಚ್ಚು ಬಂದರೆ ಸುಸ್ತು ಜಾಸ್ತಿ ಇದೆ ಅಂತ ಲೆಕ್ಕ. ಮೇಷ್ಟ್ರಿಗೆ ಬಂದದ್ದು ಒಟ್ಟು 27, ಅಂದರೆ ಸರಾಸರಿ 3. ಏನೂ ಇಲ್ಲ!

ತಪ್ಪು ನನ್ನದೇ. ಬೆಳಗ್ಗೆ ಹತ್ತಕ್ಕೆ, ಅವರು ಕಾಫಿ ಕುಡಿದು ಗೆಲುವಾಗಿದ್ದಾಗ ಕೇಳಿದ್ದೆ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಅರ್ಧ ಉತ್ತರ ತಾವೇ ಕೊಟ್ಟಿದ್ದರು.

ಮುಂದಿನ ಸಲ ಸಂಜೆ ನಾಲ್ಕಕ್ಕೆ ಹೋದೆ. ಫಾರಂ ಬದಿಗಿಟ್ಟು, "ನಿನ್ನೆ ಎದ್ದಾಗಿನಿಂದ ಏನೇನು ಮಾಡಿದ್ರಿ ಹೇಳಿ ಮೇಷ್ಟ್ರೇ" ಅಂದೆ. ಪೇಪರ್‌ನಲ್ಲಿ ಒಂದು ಕಾಲಂ ಓದುವಷ್ಟರಲ್ಲಿ ಅಕ್ಷರ ಕಲಸಿಹೋಗುತ್ತವಂತೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎದ್ದು ಹೋಗಬೇಕು ಅನ್ನಿಸುತ್ತದಂತೆ. "ತಲೆ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗಾಗುತ್ತಮ್ಮ. ಮಲಗೆದ್ದರೂ ಹೋಗಲ್ಲ." ಆಮೇಲೆ ಅದೇ ಒಂಬತ್ತು ವಾಕ್ಯ ಓದಿದೆ. ಒಟ್ಟು 47, ಸರಾಸರಿ 5.2. ಲಕ್ವದಿಂದ ಮಾತು ನಿಂತವರಿಗೆ ಈ ಫಾರಂ ಸುಮ್ನೆ ಹಿಂಸೆ. ಅವರ ಮುಂದೆ ಒಂದು ಉದ್ದ ಗೆರೆ ಎಳೆದು, ಸುಸ್ತು ಎಷ್ಟಿದೆಯೋ ಅಲ್ಲಿ ಬೆರಳಿಡಲು ಹೇಳುತ್ತೇನೆ.

ಅಂಕ ಸಿಕ್ಕಿತು ಅಂತ ಅಲ್ಲಿಗೇ ಬಿಡುವ ಹಾಗಿಲ್ಲ. ಮನಸ್ಸು ಕುಗ್ಗಿದೆಯಾ, ಯಾವ ಮಾತ್ರೆ ತಗೊಳ್ತಾರೆ, ನಿದ್ದೆ ಹೇಗೆ ಎಲ್ಲ ಕೇಳಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಲು ಡಾಕ್ಟರಿಗೆ ಚೀಟಿ ಬರೆದೆ. ಗೊರಕೆ ಇದೆಯಾ ಅಂದದ್ದಕ್ಕೆ ಅಡುಗೆಮನೆಯಿಂದಲೇ ಉತ್ತರ ಬಂತು: "ಇಡೀ ಬೀದಿಗೆ ಕೇಳ್ಸುತ್ತೆ!" ನಿದ್ದೆಯ ಪರೀಕ್ಷೆಯ ಮಾತನ್ನೂ ಚೀಟಿಗೆ ಸೇರಿಸಿದೆ.

ಈಗ ಅವರ ಹೆಂಡತಿಯೇ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಸಲ, ಹತ್ತು ಅಂಕಕ್ಕೆ ಎಷ್ಟು ಸುಸ್ತು ಅಂತ ಕೇಳಿ ಬರೆಯುತ್ತಾರೆ. ಎಣ್ಣೆಸ್ನಾನದ ಶನಿವಾರ ಮಾತ್ರ ಎಂಟರ ಕೆಳಗೆ ಇಳಿದೇ ಇಲ್ಲ. "ಶನಿವಾರ ನೀವು ಬರ್ಬೇಡಿ, ಭಾನುವಾರ ಬನ್ನಿ" ಎಂದು ಹೋದ ವಾರ ಅವರೇ ಫೋನ್ ಮಾಡಿದರು.