'ಚಿತ್ರಕೃಪೆ: ಇಂಟರ್ನೆಟ್' ಬಿಟ್ಟ ಮೇಲೆ

ವಿಡಿಯೋಗೆ ಬೇರೆಯವರ ಫೋಟೋ ಇಳಿಸಿಕೊಳ್ಳುವ ಮೊದಲೇ, ಅದು ಯಾರದ್ದು ಅಂತ ಹೇಳುವ ಕ್ರೆಡಿಟ್ ಸಾಲು ಬರೆದಿಡುತ್ತೇನೆ ಅಂದಾಗ ಜೊತೆಯಲ್ಲಿ ವಿಡಿಯೋ ಮಾಡುವವರೆಲ್ಲ ನಕ್ಕಿದ್ದರು. "ಕೊನೇಲಿ ಚಿತ್ರಕೃಪೆ ಇಂಟರ್ನೆಟ್ ಅಂತ ಹಾಕಿದ್ರೆ ಮುಗೀತು, ಯಾರು ಕೇಳ್ತಾರೆ?" ಈಗ ಸುಮಾರು 60 ವಿಡಿಯೋ, 700ರ ಹತ್ತಿರ ಚಿತ್ರ ಆಗಿವೆ. ಎರಡು ವರ್ಷದಿಂದ ಒಂದು ತಕರಾರೂ ಇಲ್ಲ.

ಮೊದಲು ನಾನೂ ಅವರ ಹಾಗೇ ಇದ್ದೆ. ಪೆಟ್ಟು ತಿಂದಿದ್ದು ಸಿಸಿ ಬೈ 2.0 ಫೋಟೋ ಒಂದರಿಂದ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಷರತ್ತಿನ ಮೇಲೆ ಬಿಟ್ಟಿಯಾಗಿ ಬಳಸಲು ಬಿಡುವ ಲೈಸೆನ್ಸ್; 'ಬೈ' ಅಂದರೆ ಕೃತಿಕಾರರ ಹೆಸರು ಹಾಕಲೇಬೇಕು; 2.0 ಅದರ ಆವೃತ್ತಿ. ಬಿಟ್ಟಿ ಅಲ್ವಾ ಅಂತ ಹೆಸರು ಹಾಕಿರಲಿಲ್ಲ. ಹಳೆಯ ಆವೃತ್ತಿಗಳಲ್ಲಿ ಷರತ್ತು ತಪ್ಪಿದ ಕೂಡಲೇ ಲೈಸೆನ್ಸ್ ರದ್ದು. 2013ರ 4.0 ಆಗಿದ್ದರೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಮಾಡಿಕೊಂಡರೆ ಹಕ್ಕು ವಾಪಸ್ ಬರುತ್ತಿತ್ತು. ಆ ವಿಡಿಯೋ ದುಡಿದಿದ್ದರ ಮೂರು ಪಟ್ಟು ದುಡ್ಡು ಕೊಟ್ಟು ಕೈ ತೊಳೆದುಕೊಂಡೆ.

ಇನ್ನೊಂದು ಸಲ ಸಂಗೀತ ಕೈಕೊಟ್ಟಿತು. ಎನ್‌ಡಿ, ಅಂದರೆ ಬದಲಾಯಿಸಿ ಹಂಚಬಾರದು ಅನ್ನುವ ಸಿಸಿ ಲೈಸೆನ್ಸಿನ ಟ್ರ್ಯಾಕನ್ನು ಒಂದು ಸೆಕೆಂಡೂ ಕತ್ತರಿಸದೆ ಹಿನ್ನೆಲೆಗೆ ಹಾಕಿದ್ದೆ. ಬದಲಾಯಿಸಿಲ್ಲವಲ್ಲ ಅನ್ನುವ ಧೈರ್ಯ. ಆದರೆ ವಿಡಿಯೋಗೆ ಹೊಂದಿಸಿ ಕೂಡಿಸಿದರೇ ಅದು ರೂಪಾಂತರ ಅಂತ ಲೈಸೆನ್ಸಿನಲ್ಲೇ ಇದೆ. ಸಂಗೀತ ಬದಲಿಸಲು ಎಡಿಟರ್‌ಗೆ ಎರಡನೇ ಸಲ ಕೂಲಿ ಕೊಟ್ಟೆ.

ಈಗ ಸಿಸಿ ಚಿತ್ರಗಳನ್ನು ಹುಡುಕಿಕೊಡುವ ಓಪನ್‌ವರ್ಸ್ ತಾಣದಲ್ಲಿ ಹುಡುಕುತ್ತೇನೆ, ಆದರೆ ಅಲ್ಲಿ ಕಂಡ ಲೈಸೆನ್ಸನ್ನು ನಂಬುವುದಿಲ್ಲ. ಮೂಲ ಪುಟಕ್ಕೇ ಹೋಗುತ್ತೇನೆ. ಫೈಲಿನ ಹೆಸರಲ್ಲೇ ಕೃತಿಕಾರರ ಹೆಸರು, ಲೈಸೆನ್ಸ್, ಆವೃತ್ತಿ ಇರುತ್ತವೆ; ಲಿಂಕ್ ಮಾತ್ರ ಲೆಕ್ಕ ಇಡುವ ಶೀಟಿನಲ್ಲಿ. ಪುಟವನ್ನು, ವೆಬ್ ಪುಟಗಳ ಪ್ರತಿ ತಾರೀಕಿನ ಸಮೇತ ಕಾದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸುತ್ತೇನೆ. ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯುವಂತಿಲ್ಲ, ನಿಜ. ಆದರೆ ನಾಳೆ ಪುಟವೇ ಬದಲಾದರೆ, ಕೊಟ್ಟಿದ್ದರು ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಕತ್ತರಿಸಿದ್ದರೆ 'ಕತ್ತರಿಸಿದೆ' ಅಂತಲೂ ಬರೆಯುತ್ತೇನೆ. ಜಾಸ್ತಿ ಜನ ಮರೆಯುವುದು ಇದನ್ನೇ. ಚಿತ್ರವೊಂದಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ, ಅಷ್ಟೇ.

ಬೇರೆಯವರ ಫೋಟೋ ಎತ್ತಿ ಸಿಸಿ ಮುದ್ರೆ ಒತ್ತುವವರೂ ಇದ್ದಾರೆ. ಚಿತ್ರ ಕೊಟ್ಟರೆ ಅದು ಬೇರೆಲ್ಲಿದೆ ಅಂತ ಹುಡುಕುವ ಟಿನ್‌ಐನಲ್ಲಿ ಅದೇ ಚಿತ್ರ ಇನ್ನೂ ಹಿಂದಿನ ತಾರೀಕಿನಲ್ಲಿ ಸಿಕ್ಕರೆ ಬಿಟ್ಟುಬಿಡುತ್ತೇನೆ. ಇಂಥ ಖಾತೆಗಳನ್ನು ದೂರದಿಂದಲೇ ಹಿಡಿಯುವ ಇನ್ನೊಂದು ಗುರುತಿದೆ. ಅದು ನನ್ನ ಹತ್ತಿರವೇ ಇರಲಿ.

ಸುಮ್ನೆ ನೋಡೋಣ ಅಂತ ಒಮ್ಮೆ ಎನ್‌ಸಿ, ಅಂದರೆ ವ್ಯಾಪಾರಕ್ಕೆ ಬಳಸಬಾರದು ಅನ್ನುವ ಲೈಸೆನ್ಸಿನ ಫೋಟೋ ತೆಗೆದ ಹನ್ನೆರಡು ಜನಕ್ಕೆ ಬರೆದೆ: ಜಾಹೀರಾತು ಬರುವ ವಿಡಿಯೋಗೆ ಬಳಸಬಹುದಾ? ಅವರ ಹೆಸರಿನ ಕ್ರೆಡಿಟ್ ಸಾಲನ್ನೂ ಪತ್ರದಲ್ಲೇ ಬರೆದು ತೋರಿಸಿದ್ದೆ. ಏಳೋ ಎಂಟೋ ಜನ ದುಡ್ಡು ಕೇಳದೆ ಒಪ್ಪಿದರು. ಒಬ್ಬರು ದೊಡ್ಡ ಅಳತೆಯ ಫೈಲನ್ನೇ ಕಳಿಸಿಕೊಟ್ಟರು.

ನಕ್ಕವರಲ್ಲಿ ಒಬ್ಬರು ಮೊನ್ನೆ ನನ್ನ ಶೀಟ್ ಕೇಳಿದರು. ಕೊಟ್ಟೆ, ಖಾಲಿ ಮಾಡಿ.