ಡ್ರಿಪ್ ಕೊಳ್ಳುವ ಮೊದಲು ಬಕೆಟ್ ಹಿಡಿಯಿರಿ

2023ರಲ್ಲಿ ಕೆಆರ್‌ಎಸ್ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಮುಂದಿನ ಬೇಸಿಗೆ ಹತ್ತಿರವಾದಂತೆ ಮೈಸೂರಿನ ನಮ್ಮ ಮನೆಯಲ್ಲಿ ಒಂದೇ ಮಾತು: ಹುಲ್ಲು ಕಿತ್ತು ಟೈಲ್ಸ್ ಹಾಕಿಸೋಣ. ಕೀಳುವುದು ಇದ್ದೇ ಇದೆ, ಅದು ನಿಜಕ್ಕೂ ಎಷ್ಟು ಕುಡಿಯುತ್ತದೆ ನೋಡೋಣ ಎಂದು ಪೈಪಿನ ಬಾಯಿಗೆ ಬಕೆಟ್ ಹಿಡಿದೆ. ನಿಮಿಷಕ್ಕೆ 15 ಲೀಟರ್ ಬಂತು. ಅರ್ಧ ಗಂಟೆ ಪೈಪ್ ಹಿಡಿದು ನಿಂತರೆ 450 ಲೀಟರ್.

ಈಗ ಹುಲ್ಲಿನ ಕಡೆಯ ಲೆಕ್ಕ. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ನಮ್ಮ ಕಡೆಯ ಬಿರುಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಸಾಕು. ನಮ್ಮದು ಹದಿನೈದಡಿ ಉದ್ದ, ಹದಿನೈದಡಿ ಅಗಲದ ಹುಲ್ಲು, ಅಂದರೆ 21 ಚದರ ಮೀಟರ್. ಬೇಕಾದದ್ದು 105 ಲೀಟರ್. ಉಳಿದದ್ದೆಲ್ಲ ಬೇರಿಗೂ ಸಿಗದೆ ಕೆಳಕ್ಕೆ ಇಂಗುತ್ತಿತ್ತು, ಇಲ್ಲವೇ ಚರಂಡಿ ಸೇರುತ್ತಿತ್ತು. ಟೈಲ್ಸ್ ಮಾತು ಅಲ್ಲಿಗೆ ನಿಂತಿತು.

ಅಂಗಡಿಗೆ ಹೋಗುವ ಮುಂಚೆ ಇನ್ನೊಂದು ಅಳತೆ ಬೇಕು: ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಹತ್ತು ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಪ್ರೆಷರ್, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ. ನಮ್ಮ ಟ್ಯಾಂಕ್ ತೋಟದಿಂದ ಏಳು ಮೀಟರ್ ಮೇಲಿದೆ, ಅಂದರೆ 0.7 ಕೆ.ಜಿ. ನೆಲದಿಂದ ತಲೆಯೆತ್ತಿ ಚಿಮ್ಮುವ ಪಾಪ್-ಅಪ್ ಸ್ಪ್ರಿಂಕ್ಲರಿಗೆ ಎರಡು ಕೆ.ಜಿ. ಬೇಕು. “ಟ್ಯಾಂಕ್ ನೀರಲ್ಲಿ ಇದು ಏಳಲ್ಲ ಸಾರ್, ಮೋಟ್ರು ಬೇಕು” ಎಂದು ಅಂಗಡಿಯಾತ ಹೇಳಿದ್ದು ಸರಿಯಾಗೇ ಇತ್ತು. ಹುಲ್ಲಿಗೆ ಅರ್ಧ ಎಚ್‌ಪಿ ಪಂಪು, ನಾಲ್ಕು ಮೂಲೆಗೆ ನಾಲ್ಕು ಸ್ಪ್ರಿಂಕ್ಲರ್. ಒಂದರ ಹನಿ ಪಕ್ಕದ್ದರ ಬುಡದ ತನಕ ಹೋಗಬೇಕು. ಹಾಗೆ ಹೋಗದಿದ್ದರೆ ನಡುವೆ ಹುಲ್ಲು ಒಣಗುತ್ತದೆ, ಅದಕ್ಕೆಂದು ಇನ್ನಷ್ಟು ಹೊತ್ತು ಬಿಟ್ಟರೆ ಉಳಿದ ಕಡೆ ಕೆಸರು.

ಒಂದೇ ಅಳತೆಯ, ನೆಟ್ಟಗಿನ ಸ್ಟೀಲ್ ಲೋಟಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು, ಸ್ಪ್ರಿಂಕ್ಲರ್ ಬಿಟ್ಟು, ಸ್ಕೇಲಿನಲ್ಲಿ ಅಳೆದೆ. (ಅಡುಗೆಮನೆಯಿಂದ ಲೋಟ ತಂದದ್ದಕ್ಕೆ ಬೈಸಿಕೊಂಡಿದ್ದು ಬೇರೆ ವಿಷಯ.) ಏಳೆಂಟು ನಿಮಿಷಕ್ಕೆ 5 ಮಿಲಿಮೀಟರ್ ತುಂಬುತ್ತದೆ. ಆದರೆ ದಿನಾ ಏಳು ನಿಮಿಷ ಬಿಡುವುದಿಲ್ಲ. ಮೂರು ದಿನಕ್ಕೊಮ್ಮೆ 15 ಮಿಲಿಮೀಟರ್ ಕೊಟ್ಟರೆ ನೀರು ಆಳಕ್ಕಿಳಿಯುತ್ತದೆ, ಬೇರೂ ಅದರ ಹಿಂದೆ ಇಳಿಯುತ್ತದೆ. ದಿನಾ ಮೇಲೆ ಮೇಲೆ ನೆನೆಸಿದ ಹುಲ್ಲು ಎರಡು ದಿನ ನೀರು ತಪ್ಪಿದರೂ ಬಾಡುತ್ತದೆ. ಆದರೆ 15 ಮಿಲಿಮೀಟರನ್ನೂ ಒಂದೇ ಸಲ ಬಿಟ್ಟರೆ ನಮ್ಮ ಕೆಂಪು ಮಣ್ಣು ಆ ವೇಗಕ್ಕೆ ಕುಡಿಯಲ್ಲ, ಗೇಟಿನ ಕಡೆ ಹರಿಯುತ್ತದೆ. ಹಾಗಾಗಿ ಎಂಟು ನಿಮಿಷ ಬಿಡು, ಅರ್ಧ ಗಂಟೆ ನಿಲ್ಲಿಸು, ಮತ್ತೆ ಬಿಡು, ಹೀಗೆ ಮೂರು ಸಲ. ಎರೆಮಣ್ಣಾದರೆ ಇನ್ನೂ ನಿಧಾನ ಬೇಕು. ಹೊತ್ತು ಬೆಳಗಿನ ಜಾವವೇ ಸರಿ. ಗಾಳಿ ಇರುವುದಿಲ್ಲ, ಬಿಸಿಲೇರಿದ ಮೇಲೆ ಎಲೆ ಒಣಗುತ್ತದೆ. ಸಂಜೆ ನೆನೆದ ಹುಲ್ಲು ರಾತ್ರಿಯೆಲ್ಲ ಒದ್ದೆಯಾಗೇ ಇದ್ದು ಬೂಷ್ಟು ರೋಗ ಹಿಡಿಸಿಕೊಳ್ಳುತ್ತದೆ.

ಮಲ್ಲಿಗೆ, ದಾಸವಾಳ, ಕರಿಬೇವು, ನಿಂಬೆಗೆ ಡ್ರಿಪ್, ಅಂದರೆ ಹನಿ ನೀರಾವರಿ. ಅದಕ್ಕೆ ವಾಲ್ವೇ ಬೇರೆ. ಹುಲ್ಲಿನ ಲೈನಿಗೇ ಗಿಡ ಸೇರಿಸಿದರೆ ಯಾವುದೋ ಒಂದಕ್ಕೆ ಅನ್ಯಾಯ. 16 ಎಂಎಂ ಕಪ್ಪು ಪೈಪು, ಅದರಿಂದ ಗಿಡಕ್ಕೆ 4 ಎಂಎಂ ಸಣ್ಣ ಟ್ಯೂಬು. ಇದಕ್ಕೆ ಪಂಪು ಬೇಡ, ಟ್ಯಾಂಕ್ ನೀರೇ ಸಾಕು. ಆದರೆ ಗಿಡದ ಬುಡಕ್ಕೆ ನೀರು ತೊಟ್ಟಿಕ್ಕಿಸುವ ಡ್ರಿಪ್ಪರ್ ಮೇಲೆ ಬರೆದಿರುವುದು ಒಂದು ಕೆ.ಜಿ. ಪ್ರೆಷರಿನ ಲೆಕ್ಕ. ಗಂಟೆಗೆ 4 ಲೀಟರ್ ಎಂದಿರುವುದು ನಮ್ಮಲ್ಲಿ ಮೂರು ಚಿಲ್ಲರೆ ಕೊಡುತ್ತದೆ. ತೆಂಗಿನ ಬುಡಕ್ಕೆ ಒಂದೇ ಡ್ರಿಪ್ಪರ್ ಅಂಟಿಸಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನೀರೆಳೆಯುವ ಎಳೆ ಬೇರುಗಳು ಕಾಂಡದ ಪಕ್ಕದಲ್ಲಿರುವುದಿಲ್ಲ. ಮೂರಡಿ ಆಚೆ, ಸುತ್ತ ನಾಲ್ಕು ಕಡೆ ಇಡಬೇಕು. ಮೇಲೆ ತೆಂಗಿನ ಸಿಪ್ಪೆ ಹರಡಿದರೆ ತೇವ ಹಿಡಿದು ನಿಲ್ಲುತ್ತದೆ. ಮಂಡ್ಯ ಕಡೆಯವರಾದರೆ ಕಬ್ಬಿನ ತರಗು ಸುಲಭವಾಗಿ ಸಿಗುತ್ತದೆ, ಅದೂ ಆಗುತ್ತದೆ. ತುಳಸಿಕಟ್ಟೆಗೆ ಮಾತ್ರ ಪೈಪ್ ಎಳೆಯಲು ಅಮ್ಮ ಬಿಡಲಿಲ್ಲ.

ಟೈಮರ್ ಕೊಳ್ಳುವವರು ಒಂದು ಮಾತು ಕೇಳಿಕೊಳ್ಳಿ. ನಲ್ಲಿಗೆ ಸಿಕ್ಕಿಸುವ ಬ್ಯಾಟರಿ ಟೈಮರುಗಳಲ್ಲಿ ಸೊಲೆನಾಯ್ಡ್ (ವಿದ್ಯುತ್ ಕಾಂತದ ವಾಲ್ವ್) ಇರುವ ಕೆಲವು ಕಡಿಮೆ ಪ್ರೆಷರಿನಲ್ಲಿ ತೆರೆಯುವುದೇ ಇಲ್ಲ. ಒಳಗೆ ಬಾಲ್ ವಾಲ್ವ್ (ತೂತಿನ ಗುಂಡು ತಿರುಗಿ ತೆರೆಯುವಂಥದ್ದು) ಇರುವುದನ್ನೇ ಕೇಳಿ ತನ್ನಿ, ಟ್ಯಾಂಕ್ ನೀರಿಗೂ ನಡೆಯುತ್ತದೆ. ಬೋರ್‌ವೆಲ್ ನೀರಾದರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ಟ್ಯಾಂಕ್ ನೀರಿದ್ದರೂ ಫಿಲ್ಟರ್ ಹಾಕಲೇಬೇಕು, ಆಗಾಗ ಜಾಲರಿ ತೊಳೆದು, ಪೈಪಿನ ತುದಿಯ ಎಂಡ್ ಕ್ಯಾಪ್ ತೆಗೆದು ಕೆಸರು ಹೊರಬಿಡಬೇಕು.

ಮಳೆ ಬಂದದ್ದು ಟೈಮರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಆ ಲೋಟಗಳಲ್ಲಿ ಒಂದು ಈಗಲೂ ಅಂಗಳದಲ್ಲಿದೆ. ರಾತ್ರಿ ಮಳೆಗೆ ಅದರಲ್ಲಿ ಹತ್ತು ಮಿಲಿಮೀಟರ್ ನಿಂತಿದ್ದರೆ ಹುಲ್ಲಿನ ಪಂಪಿನ ಸರದಿ ಎರಡು ದಿನ ಮುಂದಕ್ಕೆ.