ಎಂಬತ್ತರಿಂದ ನಲವತ್ತಕ್ಕೆ ಇಳಿಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಹೊಸ ಕಾರಿನಲ್ಲಿ ನನ್ನನ್ನು ಸುರತ್ಕಲ್‌ನಿಂದ ಕಾರ್ಕಳಕ್ಕೆ ಕರೆದುಕೊಂಡು ಹೋದ. ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದೆವು. ನಂದಿಕೂರು ಬರುವಾಗ ನನ್ನ ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಸ್ವಲ್ಪ ನಿಧಾನ ಮಾರಾಯ" ಅಂದೆ. "ನಲವತ್ತರಲ್ಲೇ ಉಂಟಲ್ಲ ಮಾಮ" ಅಂದ. ಮೀಟರಿನ ಮುಳ್ಳು 64ರ ಹತ್ತಿರ ಇತ್ತು.

ಅವನು ಸುಳ್ಳು ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ನಲವತ್ತು ಅಂತಲೇ ಅನಿಸಿತ್ತು. ಓಡಿಸಲು ಎಲ್ಲರಿಗೂ ಬರುತ್ತದೆ, ಹೆದ್ದಾರಿಯ ಎಂಬತ್ತರಿಂದ ಊರೊಳಗಿನ ನಲವತ್ತಕ್ಕೆ ವೇಗ ಇಳಿಸಲು ಬರುವುದಿಲ್ಲ. ಹಾಗಾಗಿ ಈ ಲೇಖನ.

ಮೊದಲನೆಯದು, ಹತ್ತು ನಿಮಿಷ ಬೇಗ ಹೊರಡಿ. ಮಂಗಳೂರಿನಿಂದ ಉಡುಪಿಗೆ 55 ಕಿಲೋಮೀಟರ್ ಎಂದಿಟ್ಟುಕೊಳ್ಳಿ. 70ರ ಬದಲು 80ರಲ್ಲಿ ಹೋದರೆ ಉಳಿಯುವುದು ಆರು ನಿಮಿಷ. ಹೆಜಮಾಡಿ ಟೋಲ್‌ನಲ್ಲಿ ಮುಂದಿನವನ ಫಾಸ್ಟ್ಯಾಗ್ ಕೈಕೊಟ್ಟರೆ ಅಲ್ಲಿಗೆ ಲೆಕ್ಕ ಚುಕ್ತಾ.

ಎರಡನೆಯದು ಟಯರ್. ಹಲ್ಲು ಸವೆದಿದ್ದರೆ ಮಳೆಗೆ ಮೊದಲೇ ಬದಲಾಯಿಸಿ. ಬಟನ್ ಹಾಕಿಸಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ ಹಳೆ ಟಯರನ್ನು ಅರ್ಧ ರೇಟಿಗೆ ಕೊಡುವವರಿದ್ದಾರೆ. ದಯವಿಟ್ಟು ಬೇಡ.

ಮೂರನೆಯದೇ ಕಷ್ಟದ್ದು. ಅರ್ಧ ಗಂಟೆ ಎಂಬತ್ತರಲ್ಲಿ ಹೋದ ಮೇಲೆ ಕಣ್ಣು, ಕಿವಿ ಎರಡೂ ಆ ವೇಗಕ್ಕೆ ಒಗ್ಗಿಕೊಂಡಿರುತ್ತವೆ. ಆಮೇಲೆ ಅರುವತ್ತಕ್ಕೆ ಇಳಿದರೂ ಗಾಡಿ ತೆವಳುತ್ತಿದೆ ಅನಿಸುತ್ತದೆ. ಆ ಹೊತ್ತಿಗೆ ನಿಮ್ಮ ಅಂದಾಜನ್ನು ನಂಬಲೇಬೇಡಿ. ಮೀಟರ್ ನೋಡಿ. ಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತದೆ ಎಂದು ಮೇಲಿಂದ ಐದು ಸೇರಿಸಿ ಓಡಿಸುವ ಬುದ್ಧಿವಂತರಿದ್ದಾರೆ. ಆ ಐದು ಬ್ರೇಕಿಗೆ ಬೇಕು, ಬಿಟ್ಟುಬಿಡಿ.

ವೇಗ ಇಳಿಸುವುದನ್ನು ಹೆದ್ದಾರಿ ಬಿಡುವ ಜಂಕ್ಷನ್‌ನಲ್ಲಿ ಶುರು ಮಾಡಬಾರದು, ಜಂಕ್ಷನ್ ಕಣ್ಣಿಗೆ ಬಿದ್ದಾಗಲೇ ಶುರು ಮಾಡಬೇಕು. ಎಂಬತ್ತರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಹೋಗಿಯಾಯಿತು. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ಜಾಗ ನಲವತ್ತಕ್ಕಿಂತ ಎಂಬತ್ತರಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ.

ಹಾಗಾಗಿ ಮೊದಲು ಕನ್ನಡಿ ನೋಡಿ. ಹಿಂದೆ ಎಕ್ಸ್‌ಪ್ರೆಸ್ ಬಸ್ ಇದ್ದೇ ಇರುತ್ತದೆ, ಅದಕ್ಕೆ ಅದರ ಟೈಮಿಂಗ್ ಚಿಂತೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬ್ರೇಕನ್ನು ಎರಡು ಸಲ ಮೆಲ್ಲಗೆ ಮುಟ್ಟಿ, ಹಿಂದಿನ ಕೆಂಪು ದೀಪ ಅವನಿಗೆ ಕಾಣಲಿ. ಗಾಡಿ ತಾನಾಗಿ ಅರುವತ್ತಕ್ಕೆ ಬರುವವರೆಗೆ ಬಿಡಿ. ಆಮೇಲೆ ಒಂದು ಗೇರ್ ಕೆಳಗೆ. ಉಳಿದದ್ದನ್ನು ಬ್ರೇಕ್‌ನಲ್ಲಿ ಇಳಿಸಿ. ಕ್ಲಚ್ ಒತ್ತಿ ಗಾಡಿ ಜಾರಲು ಬಿಡುವವರಿಗೆ ಇಂಜಿನ್‌ನ ಹಿಡಿತವೇ ಸಿಗುವುದಿಲ್ಲ. ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಸುಮ್ನೆ ಮಾತು. ಬಸ್ಸಿನವನು ಹಾರ್ನ್ ಬಾರಿಸಿದರೆ ಬಾರಿಸಲಿ. ಎಡಕ್ಕೆ ಸರಿದು ದಾರಿ ಕೊಡಿ, ಆದರೆ ಹಾರ್ನ್‌ಗೆ ಹೆದರಿ ವೇಗ ಏರಿಸಬೇಡಿ.

ಡಿವೈಡರ್ ತೆರೆದಿರುವ ಕಡೆಯೂ ಇದೇ ಕ್ರಮ. ಕಾಪು, ಕಟಪಾಡಿ, ಉದ್ಯಾವರದಂಥ ಊರುಗಳ ಮಧ್ಯದಲ್ಲೇ ಹೆದ್ದಾರಿ ಹೋಗಿದೆ. ಶಾಲೆ ಒಂದು ಬದಿ, ಮನೆ ಇನ್ನೊಂದು ಬದಿ. ಕೊಡೆ ಹಿಡಿದು ದಾಟುವವರಿಗೆ ಕೊಡೆಯ ಆಚೆ ಬರುವ ಗಾಡಿ ಕಾಣುವುದಿಲ್ಲ. ನೀವೇ ನೋಡಬೇಕು. ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಗುದ್ದಿಸಿಕೊಂಡವರು ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಂದಿಕೂರಿನಲ್ಲಿ ನಮ್ಮ ಹುಡುಗನ ಮುಳ್ಳು ಎಲ್ಲಿತ್ತು ಅಂತ ನೆನಪಿದೆ ಅಲ್ವಾ?

ಮಳೆ ಜೋರಾದರೆ ಇನ್ನೂ ಹತ್ತು ಹದಿನೈದು ಕಡಿಮೆ ಮಾಡಿ. ನಿಂತ ನೀರಿನ ಮೇಲೆ ಟಯರ್ ತೇಲಿ ಸ್ಟಿಯರಿಂಗ್ ಹಗುರವಾದರೆ ಬ್ರೇಕ್ ಗುದ್ದಬೇಡಿ. ಕಾಲು ಎತ್ತಿ, ನೇರ ಹಿಡಿದುಕೊಳ್ಳಿ, ಹಿಡಿತ ಮರಳುತ್ತದೆ. ಬೇರೆ ಕಡೆ ಜೋರಾಗಿ ಬ್ರೇಕ್ ಒತ್ತಿದಾಗ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಕಾಲಿನಡಿ ಗಡಗಡ ಅಂದರೆ ಹೆದರಿ ಬಿಡಬೇಡಿ, ಒತ್ತಿಯೇ ಇರಿ. ಬಿಡುವವರೇ ಜಾಸ್ತಿ. ಬೈಕಿನವರಿಗೆ ಮೀನಿನ ಲಾರಿಯ ಹಿಂದೆ ಹೋಗುವುದೇ ಬೇಡ ಎನ್ನುತ್ತೇನೆ. ಅದರಿಂದ ಸುರಿಯುವ ನೀರು ತಿರುವಿನಲ್ಲಿ ಎಣ್ಣೆಯ ಹಾಗೆ.

2019ರ ಜುಲೈಯಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಬೀಪ್ ಬರುತ್ತದೆ. ಕಿರಿಕಿರಿ ಎಂದು ಅದರ ವಯರ್ ಕೀಳಿಸಿದವರನ್ನು ಕಂಡಿದ್ದೇನೆ. ಆದರೆ ಊರಿನೊಳಗೆ ಆ ಬೀಪ್ ಇದ್ದರೂ ಉಪಯೋಗಕ್ಕಿಲ್ಲ, 64ಕ್ಕೆ ಅದು ಬಾಯಿಯೇ ಬಿಡುವುದಿಲ್ಲ. ಅಕ್ಕನ ಮಗ ಈಗ ಮೀಟರಿನ ಗಾಜಿನ ಮೇಲೆ ನಲವತ್ತರ ಜಾಗಕ್ಕೆ ಕೆಂಪು ಇನ್ಸುಲೇಷನ್ ಟೇಪಿನ ಸಣ್ಣ ತುಂಡು ಅಂಟಿಸಿದ್ದಾನೆ. ಹೆದ್ದಾರಿ ಬಿಟ್ಟ ಕೂಡಲೇ ಮುಳ್ಳು ಆ ತುಂಡಿನ ಹಿಂದೆ ಹೋಗಬೇಕು, ಅಷ್ಟೇ. ಅಂಕಿ ಮಾತ್ರ ತೋರಿಸುವ ಮೀಟರ್ ಇದ್ದರೆ ಟೇಪ್ ನಡೆಯುವುದಿಲ್ಲ. ಸೆಟ್ಟಿಂಗ್‌ನಲ್ಲಿ ವೇಗದ ಎಚ್ಚರಿಕೆ ಇದೆಯೇ ಅಂತ ಹುಡುಕಿ, 45ಕ್ಕೆ ಇಟ್ಟುಕೊಳ್ಳಿ.